ಚಂದ್ರಿಕೆಯಿಂದ ಆರಂಭವಾದ ಪದ್ಯಪಾಠ: ನನ್ನ ಅನುಭವ

ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕನ್ನಡ ಬೋಧಿಸುತ್ತಿದ್ದೇನೆ. ಸಾರಾಂಶ ಬರೆಸದೆ ಪದ್ಯಪಾಠ ಮಾಡುತ್ತೇನೆಂದು ಆರು ವರ್ಷಗಳ ಹಿಂದೆ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಮೊದಲು ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿಕೊಳ್ಳಿ ಮೇಷ್ಟ್ರೇ, ಕವಿತೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದಿದ್ದರು. ಮೊದಲ ಎರಡು ವರ್ಷ ಅವರ ಮಾತೇ ಗೆದ್ದಿತು.

ಪದ್ಯವನ್ನು ಕಿವಿಯಿಂದಲೇ ಹಿಡಿಸಬೇಕೆಂದು ಸುಮಾರು 1,800 ರೂಪಾಯಿಯ ಸ್ಪೀಕರ್ ತಂದು ಗಮಕ ವಾಚನ ಕೇಳಿಸಿದೆ. ರಾಗವನ್ನು ಮಕ್ಕಳು ಎರಡೇ ದಿನದಲ್ಲಿ ಕಲಿತರು. ಆದರೆ ಇದು ಯಾರು ಯಾರಿಗೆ ಹೇಳುವ ಮಾತೆಂದು ಕೇಳಿದರೆ ತಲೆ ತಗ್ಗಿಸಿದರು. ಬಳಿಕ ಪ್ರಶ್ನೆಗಳ ಹಾಳೆ ಹಂಚಿದೆ. ನಲವತ್ತು ಮಕ್ಕಳು, ಹಾಳೆಗೆ ಎರಡು ರೂಪಾಯಿ ಜೆರಾಕ್ಸ್. ಗೈಡಿನ ವಾಕ್ಯಗಳೇ ನನ್ನ ಖರ್ಚಿನ ಹಾಳೆಗಳ ಮೇಲೆ ಇಳಿದು ಬಂದವು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಇರುಳಿನ ವರ್ಣನೆಯಿದ್ದ ಪದ್ಯವೊಂದನ್ನು ಓದುತ್ತಿದ್ದಾಗ ಹುಡುಗಿಯೊಬ್ಬಳು, "ಸಾರ್, ಚಂದ್ರಿಕೆ ಆಕಾಶದಲ್ಲಿ ಯಾಕಿದೆ?" ಎಂದಳು. ರೇಷ್ಮೆ ಸಾಕುವ ಮನೆಯ ಮಗುವಿಗೆ ಚಂದ್ರಿಕೆಯೆಂದರೆ ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಬೆಳದಿಂಗಳೆಂಬ ಅರ್ಥ ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಬೇರೆ ದಿನವಾಗಿದ್ದರೆ ತಿದ್ದಿ ಮುಂದೆ ಹೋಗುತ್ತಿದ್ದೆ. ಅಂದು ಮಾತ್ರ, ಹಾಗಿದ್ದರೆ ಅಲ್ಲಿ ನೂಲು ಬಿಡುತ್ತಿರುವ ಹುಳು ಯಾವುದೆಂದು ತಿರುಗಿ ಕೇಳಿದೆ. ಒಬ್ಬ ಚಂದ್ರನೆಂದ. ಇನ್ನೊಬ್ಬ, ಹುಳು ಗೂಡಿನೊಳಗೆ ಮರೆಯಾಗುವ ದಿನವೇ ಅಮಾವಾಸ್ಯೆಯೆಂದ. ಬೆಳದಿಂಗಳೆಂಬ ಅರ್ಥವನ್ನು ಆಮೇಲೆ ಹೇಳಿ ಪದ್ಯವನ್ನು ಮತ್ತೆ ಓದಿಸಿದಾಗ, ಮುಂದಿನ ಸಾಲಿನ ಕ್ರಿಯಾಪದ ತಮ್ಮ ಬಿದಿರಿನ ತಟ್ಟೆಗೆ ಒಗ್ಗುವುದಿಲ್ಲವೆಂದು ಅವರೇ ಪತ್ತೆ ಹಚ್ಚಿದರು. ಹದಿನಾಲ್ಕು ವರ್ಷಗಳಲ್ಲಿ ಅಂಥ ಪೀರಿಯಡ್ಡು ನನಗೆ ಇನ್ನೊಂದು ಸಿಕ್ಕಿಲ್ಲ.

ಅಂದಿನಿಂದ ಶೀರ್ಷಿಕೆ, ಕವಿಯ ಹೆಸರು ಎರಡನ್ನೂ ತೆಗೆದು, ಪದ್ಯದ ಒಂದು ಪದವನ್ನು ಮುಚ್ಚಿ ಕೊಡುತ್ತೇನೆ. ಮಕ್ಕಳು ತಮ್ಮ ಪದ ತುಂಬಿ, ಉಳಿದ ಸಾಲುಗಳನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಸಮರ್ಥಿಸಬೇಕು. ಕವಿಯ ಪದವನ್ನು ಕೊನೆಗೆ ತೋರಿಸುತ್ತೇನೆ. ಉಪಮೆಯ ಪದವನ್ನು ಮುಚ್ಚಿದರೆ ಕೆಲಸ ಕೆಡುತ್ತದೆಂದಷ್ಟೇ ಹೇಳಬಲ್ಲೆ. ಯಾವ ಪದವನ್ನು ಆರಿಸುತ್ತೇನೆಂಬುದು ನನ್ನಲ್ಲಿಯೇ ಇರಲಿ.

ಭಾಮಿನಿ ಷಟ್ಪದಿ ಬೇರೆಯದೇ ಪಾಡು. ಮೂರು-ನಾಲ್ಕು ಮಾತ್ರೆಗಳ ಗಣಗಳಿಗೆ ಮಕ್ಕಳು ತಪ್ಪಿಲ್ಲದೆ ಪ್ರಸ್ತಾರ ಹಾಕುತ್ತಾರೆ, ಆದರೆ ಗಣ ಒಡೆದಲ್ಲಿಯೇ ಪದವೂ ಒಡೆಯುತ್ತದೆಂದು ನಂಬಿ ಅರ್ಥ ಕೆಡಿಸಿಕೊಳ್ಳುತ್ತಾರೆ. ಆದ್ದರಿಂದ ಮುಚ್ಚಿದ ಪದದಷ್ಟೇ ಮಾತ್ರೆಯ ಪದವನ್ನು ತುಂಬಬೇಕೆಂಬ ಕಟ್ಟು ಹಾಕಿದೆ. ನಾಲ್ಕು ಮಾತ್ರೆಯ ಜಾಗಕ್ಕೆ ಒಬ್ಬ 'ಬೆಳಕು' ಎಂದು ಬರೆದು, ಒಂದು ಮಾತ್ರೆ ಸಾಲದೆ 'ಬೆಳಕನು' ಎಂದು ಎಳೆದ. ಕರ್ತೃವಾಗಿದ್ದದ್ದು ಕರ್ಮವಾಗಿ ಇಡೀ ವಾಕ್ಯವೇ ತಿರುಗಿಬಿತ್ತು. ವಿಭಕ್ತಿಯನ್ನು ಅವನಿಗೆ ನಾನು ಮತ್ತೆ ಹೇಳಿಕೊಡಬೇಕಾಗಲಿಲ್ಲ.

ನಮ್ಮಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು. ಅವರ ಪೊಡುಪು ಕಥೆಗಳಿಂದ, ಅಂದರೆ ತೆಲುಗು ಒಗಟುಗಳಿಂದ, ರೂಪಕ ಕಲಿಸಲು ಹೋಗಿ ಒಂದು ತಿಂಗಳು ಹಾಳುಮಾಡಿಕೊಂಡೆ. ಒಗಟಿಗೆ ಒಂದೇ ಉತ್ತರವಿರುತ್ತದೆ, ಆ ಅಭ್ಯಾಸ ಅಂಟಿ, ಪ್ರತಿ ಪದ್ಯಕ್ಕೂ "ಆನ್ಸರ್ ಏನು ಸಾರ್?" ಎನ್ನತೊಡಗಿದರು. ಸಂತಕವಿ ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ರಚಿಸಿರುವ ಕೀರ್ತನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸಿದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿ ನಡೆಯಿತು.

ಇದುವರೆಗೆ ಕೈಯಿಂದ ಏಳೆಂಟು ಸಾವಿರ ಹೋಗಿರಬಹುದು. ಈಗ ಅರ್ಧ ಹಾಳೆಯಲ್ಲೇ ಮುಗಿಸುವುದರಿಂದ ವರ್ಷಕ್ಕೆ ಆರು ನೂರು ಸಾಕು. ಕಳೆದ ವರ್ಷ ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ಓದಿರದ ಪದ್ಯಕ್ಕೆ ಸ್ವಂತ ಮಾತಿನಲ್ಲಿ ಉತ್ತರ ಬರೆದರು, ಅಂಕಗಳೂ ಇಳಿಯಲಿಲ್ಲ. ಆ ಹಿರಿಯ ಸಹೋದ್ಯೋಗಿ ಈ ಜೂನ್‌ನಲ್ಲಿ ಉಳಿದ ಹಾಳೆಗಳನ್ನು ಕೇಳಿ ಪಡೆದರು. ಹಾಳೆಗಳನ್ನು ಕೊಟ್ಟೆ, ಮುಚ್ಚಬೇಕಾದ ಪದಗಳ ಪಟ್ಟಿಯನ್ನು ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ.