ಹಳೆಯ ಜನಗಣತಿಯಲ್ಲಿ ಹಿರಿಯರು ಹುಟ್ಟಿದ ಇಸವಿ ಹುಡುಕುವುದು ಹೇಗೆ?

ಇಂಗ್ಲೆಂಡ್, ಅಮೆರಿಕ, ಐರ್ಲೆಂಡ್‌ನ ಹಳೆಯ ಜನಗಣತಿ ಹಾಳೆಗಳಲ್ಲಿ ಹುಟ್ಟಿದ ಇಸವಿ ಇರುವುದು ಅಪರೂಪ. ಸಾಮಾನ್ಯವಾಗಿ ಇರುವುದು ವಯಸ್ಸು. ಗಣತಿ ನಡೆದ ಇಸವಿಯಿಂದ ಆ ವಯಸ್ಸು ಕಳೆದು, ಬಂದ ಉತ್ತರವನ್ನೇ ಹುಟ್ಟಿದ ವರ್ಷ ಅಂತ ವಂಶವೃಕ್ಷದಲ್ಲಿ ಬರೆದುಬಿಡುವವರೇ ಜಾಸ್ತಿ. ಆಮೇಲೆ ಆ ವರ್ಷದ ಜನನ ದಾಖಲೆ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಒಂದು ವಯಸ್ಸಿನಿಂದ ನಮಗೆ ಸಿಗುವುದು ಎರಡು ಇಸವಿಗಳಲ್ಲಿ ಹಂಚಿಹೋದ ಹನ್ನೆರಡು ತಿಂಗಳ ಅವಧಿ. ಅದನ್ನು ಕಿರಿದು ಮಾಡುತ್ತಾ ಹೋಗುವುದೇ ಈ ಕೆಲಸ.

ಯಾವ ಗಣತಿ ಉಳಿದಿದೆ, ಮೊದಲು ನೋಡಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1801ರಿಂದಲೇ ಜನರನ್ನು ಎಣಿಸುತ್ತಿದ್ದರು. ಆದರೆ ದೇಶದುದ್ದಕ್ಕೂ ಹೆಸರು ಸಮೇತ ಹಾಳೆಗಳು ಸಿಗುವುದು 1841ರಿಂದ. ಅಲ್ಲಿಂದ 1921ರವರೆಗೆ ಹತ್ತು ವರ್ಷಕ್ಕೊಂದು ಗಣತಿ ಇದೆ. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಈ ಕಂದಕ ದಾಟಲು 1939ರ ಸೆಪ್ಟೆಂಬರ್ 29ರಂದು ಮಾಡಿದ ರಿಜಿಸ್ಟರ್ ಇದೆ. ಅದರಲ್ಲಿ ಹುಟ್ಟಿದ ತಾರೀಖನ್ನೇ ಬರೆದಿದ್ದಾರೆ. ನಿಮ್ಮ ಹಿರಿಯರು ಅದರಲ್ಲಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಅಮೆರಿಕದಲ್ಲಿ 1850ಕ್ಕೆ ಮುಂಚೆ ಮನೆ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು. 1850 ಮತ್ತು 1860ರಲ್ಲಿ ಸ್ವತಂತ್ರರಾಗಿದ್ದವರ ಹೆಸರೆಲ್ಲ ಇದೆ. ಗುಲಾಮಗಿರಿಯಲ್ಲಿದ್ದವರ ಪಟ್ಟಿ ಬೇರೆ. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ ಇರುತ್ತದೆ, ಮನುಷ್ಯರ ಹೆಸರು ಬಹುತೇಕ ಇಲ್ಲ. ಆ ಕುಟುಂಬಗಳ ಹುಡುಕಾಟ 1870ರಲ್ಲಿ ಗೋಡೆಗೆ ಬಂದು ನಿಲ್ಲುವುದು ಇದೇ ಕಾರಣಕ್ಕೆ. 1890ರ ಗಣತಿ 1921ರ ಬೆಂಕಿಯ ನಂತರ ಹೆಚ್ಚೂಕಡಿಮೆ ಪೂರ್ತಿ ಹಾಳಾಯಿತು. 72 ವರ್ಷ ಕಳೆಯದೆ ಹಾಳೆಗಳನ್ನು ತೆರೆಯುವಂತಿಲ್ಲ. ಹಾಗಾಗಿ ಈಗ ನೋಡಲು ಸಿಗುವ ಕೊನೆಯ ಗಣತಿ 1950ರದ್ದು. 1900ರ ಅಮೆರಿಕ ಗಣತಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅದರಲ್ಲಿ ಹುಟ್ಟಿದ ತಿಂಗಳು ಮತ್ತು ಇಸವಿಗೇ ಬೇರೆ ಕಾಲಂ ಇದೆ.

ಹುಡುಕುವಾಗ ಕಡಿಮೆ ಬರೆಯಿರಿ

ಗೊತ್ತಿರುವ ಕೊನೆಯ ಗಣತಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಫ್ಯಾಮಿಲಿಸರ್ಚ್‌ನಂಥ ಉಚಿತ ತಾಣದಲ್ಲಿ ಹುಡುಕುವ ಪೆಟ್ಟಿಗೆ ತೆರೆದ ಕೂಡಲೇ ಗೊತ್ತಿದ್ದದ್ದನ್ನೆಲ್ಲ ತುಂಬಬೇಕು ಅನಿಸುತ್ತದೆ, ಅಲ್ವಾ? ಹಾಗೆ ಮಾಡಬೇಡಿ. ಹೆಸರು, ಹುಟ್ಟಿದ ಜಿಲ್ಲೆ, ಅಂದಾಜು ಇಸವಿ ಸಾಕು. ಇಸವಿಯಲ್ಲಿ ಹಿಂದೆ ಮುಂದೆ ಎರಡು ವರ್ಷ ಬಿಟ್ಟು ನೋಡಿ. ಸಿಗದಿದ್ದರೆ ಐದು ವರ್ಷಕ್ಕೆ ಹಿಗ್ಗಿಸಿ.

ಆಗಲೂ ಸಿಗಲಿಲ್ಲವೇ? ಮನೆತನದ ಹೆಸರನ್ನೇ ತೆಗೆದುಹಾಕಿ. ಗಣತಿದಾರ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ನಕಲು ಮಾಡಿದವರು ಕಣ್ಣಿಗೆ ಕಂಡಂತೆ ಓದಿರುತ್ತಾರೆ. ಸ್ಮಿತ್ ಅನ್ನುವ ಸರಳ ಹೆಸರನ್ನೇ ಎರಡು ಮೂರು ರೀತಿ ಬರೆಯುತ್ತಾರೆ. ಆಗ ಮೊದಲ ಹೆಸರು, ಇಸವಿ, ಹುಟ್ಟಿದ ಊರು ಇಟ್ಟುಕೊಂಡೇ ಹುಡುಕಬೇಕು. ಇನ್ನೊಂದು ದಾರಿ, ಆ ಮನೆಯಲ್ಲಿ ಅಪರೂಪದ ಹೆಸರಿನ ತಮ್ಮನೋ ತಂಗಿಯೋ ಇದ್ದರೆ ಅವರನ್ನು ಹುಡುಕುವುದು. ಅವರು ಸಿಕ್ಕಿದರೆ ಅದೇ ಹಾಳೆಯಲ್ಲಿ ನಿಮ್ಮವರೂ ಇರುತ್ತಾರೆ.

ಪಟ್ಟಿಯಲ್ಲಿ ಸಿಕ್ಕಿದ ಮೇಲೆ ಅಷ್ಟಕ್ಕೇ ನಿಲ್ಲದೆ ಮೂಲ ಹಾಳೆಯ ಚಿತ್ರ ತೆರೆದು ಓದಿ. 1 ಮತ್ತು 7, 3 ಮತ್ತು 8 ಹಳೆಯ ಕೈಬರಹದಲ್ಲಿ ಸುಲಭವಾಗಿ ಅದಲುಬದಲಾಗುತ್ತವೆ. ಇಂಗ್ಲೆಂಡ್‌ನ ಹಾಳೆಗಳಲ್ಲಿ ಇನ್ನೊಂದು ಕಾಟ ಇದೆ. ಲೆಕ್ಕ ಮಾಡಿದ ಗುಮಾಸ್ತರು ವಯಸ್ಸಿನ ಮೇಲೆಯೇ ಗೀಟು ಎಳೆದಿರುತ್ತಾರೆ.

ಗಣತಿಯ ದಿನ ಗೊತ್ತಿರಬೇಕು

ಇಡೀ ಕೆಲಸದ ಗುಟ್ಟು ಇರುವುದು ಇಲ್ಲಿ. 1881ರ ಇಂಗ್ಲೆಂಡ್ ಗಣತಿ ಏಪ್ರಿಲ್ 3ರದ್ದು. ಅದರಲ್ಲಿ ಒಬ್ಬ ಬಡಗಿಯ ವಯಸ್ಸು 34 ಅಂತಿದೆ ಅನ್ನಿ. ಕಳೆದರೆ 1847 ಬರುತ್ತದೆ. ತಾಣಗಳು ‘ಸುಮಾರು 1847’ ಅಂತ ತೋರಿಸುವುದೂ ಇದೇ ಕಳೆಯುವ ಲೆಕ್ಕದಿಂದ. ಆದರೆ ಆ ದಿನ ಅವನಿಗೆ 34 ತುಂಬಿರಬೇಕಾದರೆ ಅವನು 1846ರ ಏಪ್ರಿಲ್ 4ರಿಂದ 1847ರ ಏಪ್ರಿಲ್ 3ರೊಳಗೆ ಹುಟ್ಟಿರಬೇಕು. ಇದರಲ್ಲಿ ಸುಮಾರು ಒಂಬತ್ತು ತಿಂಗಳು 1846ರಲ್ಲೇ ಬೀಳುತ್ತದೆ. ಅಂದರೆ ಮೊದಲು ನೋಡಬೇಕಾದದ್ದು 1846.

ಈಗ ಎರಡು ಗಣತಿ ಜೋಡಿಸೋಣ. ಅಮೆರಿಕದ 1910ರ ಗಣತಿಯ ದಿನ ಏಪ್ರಿಲ್ 15, 1920ರದ್ದು ಜನವರಿ 1. ಒಬ್ಬ ಹೆಂಗಸಿಗೆ 1910ರಲ್ಲಿ 25, 1920ರಲ್ಲಿ 34. ಹತ್ತು ವರ್ಷದಲ್ಲಿ ಒಂಬತ್ತೇ ವರ್ಷ ಬೆಳೆದಳೇ? ಸುಳ್ಳು ಹೇಳಿದ್ದಾಳೆ ಅಂತ ಬಿಟ್ಟುಬಿಡಬೇಡಿ. 1910ರ ಪ್ರಕಾರ ಅವಳು 1884ರ ಏಪ್ರಿಲ್ 16ರಿಂದ 1885ರ ಏಪ್ರಿಲ್ 15ರೊಳಗೆ ಹುಟ್ಟಿರಬೇಕು. 1920ರ ಪ್ರಕಾರ 1885ರ ಜನವರಿ 2ರಿಂದ 1886ರ ಜನವರಿ 1ರೊಳಗೆ. ಎರಡಕ್ಕೂ ಹೊಂದುವುದು 1885ರ ಜನವರಿ 2ರಿಂದ ಏಪ್ರಿಲ್ 15ರವರೆಗೆ ಮಾತ್ರ. ತಪ್ಪಿನಂತೆ ಕಂಡದ್ದೇ ಎರಡು ವರ್ಷದ ಹುಡುಕಾಟವನ್ನು ಮೂರೂವರೆ ತಿಂಗಳಿಗೆ ಇಳಿಸಿತು. ಆದರೂ ನಾಲ್ಕಾರು ವಾರ ಸಡಿಲ ಬಿಡುವುದು ಒಳ್ಳೆಯದು. ಅಮೆರಿಕದಲ್ಲಿ ಗಣತಿದಾರ ಮನೆಗೆ ಬರುತ್ತಿದ್ದದ್ದು ಆ ತಾರೀಖು ಕಳೆದ ಮೇಲೆ. ಮನೆಯವರು ಅವನು ಬಂದ ದಿನದ ವಯಸ್ಸನ್ನೇ ಹೇಳಿರಬಹುದು.

1841ರ ಇಂಗ್ಲೆಂಡ್ ಗಣತಿಗೆ ಈ ಲೆಕ್ಕ ನಡೆಯುವುದಿಲ್ಲ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕು ಅಂತ ಗಣತಿದಾರರಿಗೆ ಹೇಳಿದ್ದರು. 30 ಅಂತ ಇದ್ದರೆ ನಿಜವಾದ ವಯಸ್ಸು 30ರಿಂದ 34ರೊಳಗೆ ಏನು ಬೇಕಾದರೂ ಇರಬಹುದು. ಆ ಗಣತಿ ಜೂನ್ 6ರದ್ದು. ಹಾಗಾಗಿ ಅವಧಿ 1806ರ ಜೂನ್ 7ರಿಂದ 1811ರ ಜೂನ್ 6ರವರೆಗೆ ಹಿಗ್ಗುತ್ತದೆ. ಕೆಲವು ಗಣತಿದಾರರು ಈ ಮಾತು ಕೇಳದೆ ಸರಿಯಾದ ವಯಸ್ಸನ್ನೇ ಬರೆದಿದ್ದಾರೆ. ಪುಟದಲ್ಲಿ 32, 47 ಇಂಥ ಅಂಕಿ ಕಂಡರೆ ಅದು ನಿಮ್ಮ ಅದೃಷ್ಟ.

ಯಾರು ಹೇಳಿದ ವಯಸ್ಸು?

ಯಾವ ಗಣತಿಯನ್ನು ಜಾಸ್ತಿ ನಂಬಬೇಕು ಅಂತ ಕೇಳಿದರೆ, ಆ ವ್ಯಕ್ತಿ ಮಗುವಾಗಿದ್ದಾಗಿನದು ಅಂತ ಹೇಳುತ್ತೇನೆ. ಎರಡು ವರ್ಷದ ಮಗುವನ್ನು ಐದು ವರ್ಷ ಅನ್ನಲು ಯಾವ ತಾಯಿಗೂ ಕಾರಣವಿಲ್ಲ. ಒಂದು ವರ್ಷ ತುಂಬದ ಕೂಸಾದರೆ ವಯಸ್ಸನ್ನು ತಿಂಗಳಲ್ಲೇ ಬರೆದಿರುತ್ತಾರೆ. ದೊಡ್ಡವರ ವಿಷಯದಲ್ಲಿ ಮದುವೆ, ಕೆಲಸ, ಮರ್ಯಾದೆ ಎಲ್ಲ ಅಡ್ಡ ಬರುತ್ತವೆ. ಗಂಡನಿಗಿಂತ ದೊಡ್ಡವಳಾದ ಹೆಂಡತಿ ಹತ್ತು ವರ್ಷಕ್ಕೆ ಏಳೇ ವರ್ಷ ಬೆಳೆಯುವುದುಂಟು.

ಐರ್ಲೆಂಡ್‌ನ 1901 ಮತ್ತು 1911ರ ಗಣತಿಗಳಲ್ಲಿ ಇದು ತಿರುವುಮುರುವು. ಹತ್ತು ವರ್ಷದಲ್ಲಿ ಹದಿನಾಲ್ಕು, ಹದಿನೈದು ವರ್ಷ ದೊಡ್ಡವರಾದ ಮುದುಕರು ಅಲ್ಲಿ ಸಿಗುತ್ತಾರೆ. ನಡುವೆ, 1909ರ ಜನವರಿಯಿಂದ, 70 ತುಂಬಿದವರಿಗೆ ಸರ್ಕಾರ ಪಿಂಚಣಿ ಕೊಡಲು ಶುರು ಮಾಡಿತ್ತು. ಹುಟ್ಟಿದ ತಾರೀಖು ಎಷ್ಟೋ ಜನರಿಗೆ ಗೊತ್ತಿರಲಿಲ್ಲ ಅನ್ನುವುದೂ ನಿಜ. ಇಂಥ ಕಡೆ 1901ರ ವಯಸ್ಸನ್ನೇ ಹಿಡಿಯಿರಿ.

ಅದೇ ಊರಿನಲ್ಲಿ, ಅದೇ ಹೆಸರಿನ, ಹೆಚ್ಚೂಕಡಿಮೆ ಅದೇ ವಯಸ್ಸಿನ ಇಬ್ಬರು ಸಿಕ್ಕರೆ ಇಸವಿ ಒಂದರಿಂದಲೇ ತೀರ್ಮಾನ ಮಾಡಬೇಡಿ. ಇಬ್ಬರನ್ನೂ ಮುಂದಿನ ಗಣತಿಗಳಲ್ಲಿ ಹಿಂಬಾಲಿಸಿ. ಕಸುಬು, ಹೆಂಡತಿಯ ಹೆಸರು, ಮಕ್ಕಳ ಹೆಸರಿನ ಸಾಲು ನೋಡುತ್ತಾ ಹೋದರೆ ಒಬ್ಬ ತಾನಾಗಿಯೇ ಬೇರೆಯಾಗುತ್ತಾನೆ.

ಅವಧಿ ಕೈಗೆ ಬಂದ ಮೇಲೆ

ಇನ್ನು ಜನನ ದಾಖಲೆಗೆ ಹೋಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಿಂದ. ಸೂಚಿಯನ್ನು ಮೂರು ಮೂರು ತಿಂಗಳಿಗೆ ವಿಂಗಡಿಸಿದ್ದಾರೆ. ಮಗು ಹುಟ್ಟಿದ 42 ದಿನದೊಳಗೆ ನೋಂದಣಿ ಮಾಡಿಸಬೇಕಿತ್ತು. ಹಾಗಾಗಿ ಮಾರ್ಚ್ ಕೊನೆಯಲ್ಲಿ ಹುಟ್ಟಿದ ಮಗುವಿನ ಹೆಸರು ಏಪ್ರಿಲ್‌ನಿಂದ ಜೂನ್‌ವರೆಗಿನ ಸೂಚಿಯಲ್ಲಿ ಸಿಗಬಹುದು. ನೋಂದಣಿ ಕಚೇರಿಯ ಆನ್‌ಲೈನ್ ಸೂಚಿಯಲ್ಲಿ ತಾಯಿಯ ತವರಿನ ಮನೆತನದ ಹೆಸರೂ ಇದೆ. ಅದು ನಿಮಗೆ ಮೊದಲೇ ಗೊತ್ತಿದ್ದರೆ ಒಂದೇ ಹೆಸರಿನ ಹತ್ತು ಮಕ್ಕಳಲ್ಲಿ ನಿಮ್ಮವರನ್ನು ಆರಿಸುವುದು ಸಲೀಸು.

1837ಕ್ಕೆ ಮುಂಚೆ ಹುಟ್ಟಿದವರಾದರೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರೇ ಗತಿ. ಅದರಲ್ಲಿರುವ ತಾರೀಖು ದೀಕ್ಷಾಸ್ನಾನದ್ದು. ಒಂದೇ ಮನೆಯ ಮೂರು ಮಕ್ಕಳಿಗೆ ಒಂದೇ ದಿನ ದೀಕ್ಷಾಸ್ನಾನ ಆಗಿದ್ದರೆ ಅವರು ತ್ರಿವಳಿಗಳು ಅಂತ ಬರೆದುಕೊಳ್ಳುವ ಮೊದಲು ಗಣತಿಯಲ್ಲಿ ಅವರ ವಯಸ್ಸು ಎಷ್ಟೆಷ್ಟಿದೆ ನೋಡಿ.