ಸಮುದಾಯದೊಂದಿಗೆ ಕೂತು ಪ್ರದರ್ಶನ ಕಟ್ಟುವ ಬಗೆ

ಸಂಗ್ರಹಾಲಯದ ಪ್ರದರ್ಶನಕ್ಕೆ 18 ತಿಂಗಳು ಇರುವಾಗ, ವಿಷಯವೇ ಗೊತ್ತಾಗದ ಹಂತದಲ್ಲಿ, ನಾವು ಸಮುದಾಯದ ಸಮಿತಿ ರಚಿಸುತ್ತೇವೆ. 10–12 ಜನ ಸಾಕು. 20 ದಾಟಿದರೆ ನಾಲ್ಕೈದು ಜನ ಮಾತಾಡುತ್ತಾರೆ, ಮಿಕ್ಕವರು ಸುಮ್ಮನೆ ಕೂರುತ್ತಾರೆ. ಕೃತಿಗಳ ಪಟ್ಟಿ ಮೊದಲೇ ಮಾಡಿಟ್ಟುಕೊಂಡು ಕರೆದರೆ ಬಂದವರಿಗೆ ತಲೆಯಾಡಿಸುವುದು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ, ಮುಂದಿನ ಸಭೆಗೆ ಅವರು ಬರುವುದೂ ಇಲ್ಲ.

ಮೊದಲ ಸಭೆಯಲ್ಲೇ ಒಂದು ಪುಟದ ಒಪ್ಪಂದ ಬರೆದುಕೊಳ್ಳುತ್ತೇವೆ. ವಿಷಯ, ಕೃತಿಗಳ ಆಯ್ಕೆ, ಕೃತಿಯ ಪಕ್ಕದ ಫಲಕದ ಬರಹ ಸಮಿತಿಯದು. ಕೃತಿಯ ಸುರಕ್ಷತೆ, ಬಜೆಟ್ಟಿನ ಮಿತಿ, ಎರವಲು ಕರಾರು ಸಂಗ್ರಹಾಲಯದ್ದು. ಇದು ಬಾಯಿಮಾತಿನಲ್ಲೇ ಉಳಿದರೆ ಕೊನೆಯ ತಿಂಗಳಲ್ಲಿ ಜಗಳ ಖಂಡಿತ. ಗೌರವಧನವನ್ನು ಆಯಾ ಸಭೆಯ ದಿನವೇ ಕೊಡಬೇಕು, ಓಡಾಟದ ಖರ್ಚು ಬೇರೆ. ಅಮೆರಿಕದ ಬಾಲ್ಟಿಮೋರ್ ಕಲಾ ಸಂಗ್ರಹಾಲಯ 2022ರ ‘ಗಾರ್ಡಿಂಗ್ ದಿ ಆರ್ಟ್’ ಪ್ರದರ್ಶನದ ಕೃತಿಗಳನ್ನು ತನ್ನ 17 ಕಾವಲು ಸಿಬ್ಬಂದಿಯಿಂದ ಆಯ್ಕೆ ಮಾಡಿಸಿದಾಗ ಆ ಕೆಲಸಕ್ಕೂ ಹಣ ಕೊಟ್ಟಿತ್ತು. ಬಿಟ್ಟಿ ದುಡಿಸಿಕೊಂಡು ಅದನ್ನು ಸಹಭಾಗಿತ್ವ ಎನ್ನಬಾರದು.

ಹೆಚ್ಚು ವಾದವಾಗುವುದು ಬೆಳಕಿನ ಬಗ್ಗೆ. ಹಳೆಯ ಬಟ್ಟೆ, ಜಲವರ್ಣ, ಕಾಗದದ ಕೃತಿಗಳಿಗೆ ಸಾಮಾನ್ಯ ಮಿತಿ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ಮನೆಯಿಂದ ಕಸೂತಿ ಬಟ್ಟೆ ಕೊಟ್ಟವರಿಗೆ ಅದು ಕತ್ತಲೆಯಲ್ಲಿ ಬಿದ್ದಂತೆ ಕಾಣುತ್ತದೆ. ಆಗ ನಿಯಮ ಓದಿ ಹೇಳಿ ಪ್ರಯೋಜನವಿಲ್ಲ. ಕೃತಿಗಳು ಕೆಡದಂತೆ ನೋಡಿಕೊಳ್ಳುವ ಸಂರಕ್ಷಕರು ಉಗ್ರಾಣದಲ್ಲಿರುವ ಒಂದು ಹಳೆಯ ಬಟ್ಟೆಯ ಅಂಚಿನ ಮಡಿಕೆಯನ್ನು ಬಿಡಿಸಿ ತೋರಿಸಲಿ: ಒಳಗೆ ಗಾಢ ಕೆಂಪು, ಹೊರಗೆ ಮಾಸಿದ ಕಂದು. ಹೋದ ಬಣ್ಣ ಮರಳುವುದಿಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಆಮೇಲೆ ದಾರಿಗಳನ್ನು ಮುಂದಿಡಬೇಕು. 100 ಲಕ್ಸ್ ಹಾಕಿ ಅರ್ಧ ಅವಧಿ ಮಾತ್ರ ತೋರಿಸಿದರೂ ಬಟ್ಟೆಯ ಮೇಲೆ ಬೀಳುವ ಒಟ್ಟು ಬೆಳಕು ಅಷ್ಟೇ. ಉಳಿದರ್ಧಕ್ಕೆ ಇನ್ನೊಂದು ಬಟ್ಟೆ ಇಡಬಹುದು. ಅಥವಾ ನೋಡುಗರು ಇದಕ್ಕೂ ಮೊದಲು ಹಾದುಬರುವ ಕೋಣೆಯ ಬೆಳಕನ್ನೇ ತಗ್ಗಿಸಿದರೆ ಕಣ್ಣು ಹೊಂದಿಕೊಂಡು, 50 ಲಕ್ಸ್ ಕೂಡ ಸಾಕಷ್ಟು ಕಾಣುತ್ತದೆ. ಯಾವುದು ಬೇಕೆಂದು ಸಮಿತಿಯೇ ಆರಿಸುತ್ತದೆ.

ಫಲಕಗಳನ್ನು ಬರೆಸುವುದಕ್ಕಿಂತ ಮಾತಾಡಿಸಿ, ಧ್ವನಿಮುದ್ರಿಸಿ, ಅದನ್ನೇ 60–70 ಪದಗಳಿಗೆ ಇಳಿಸುವುದು ಮೇಲು. ಪ್ರದರ್ಶನ ರೂಪಿಸುವ ಕ್ಯುರೇಟರ್ ಇಸವಿ, ಹೆಸರು, ಕಾಗುಣಿತ ಬಿಟ್ಟು ಬೇರೇನನ್ನೂ ಮುಟ್ಟಬಾರದು. ಹೇಳಿದವರು ಓದಿ ಸಹಿ ಹಾಕಿದ ಮೇಲೆ ಅದನ್ನೂ ಇಲ್ಲ. ಸಮಿತಿಯಲ್ಲೇ ಭಿನ್ನಮತವಿದ್ದರೆ ಮತಕ್ಕೆ ಹಾಕುವುದಿಲ್ಲ, ಒಂದೇ ಕೃತಿಯ ಪಕ್ಕ ಎರಡು ಫಲಕ ಹಾಕುತ್ತೇವೆ.

ಧ್ವನಿಮುದ್ರಿಕೆಗಳು ಯಾರ ಸ್ವತ್ತು, ಪ್ರದರ್ಶನ ಮುಗಿದ ಮೇಲೆ ಯಾರನ್ನು ಕೇಳಿ ಬಳಸಬೇಕು ಎಂಬುದನ್ನೂ ಆ ಒಂದು ಪುಟದಲ್ಲೇ ಬರೆದುಬಿಡಿ. ಮುಗಿದ ಮೇಲೆ ಎಲ್ಲರ ಸಹಿ ಹುಡುಕಿ ತರುವುದು ಬಹಳ ಕಷ್ಟ.