ನೀರುನಾಯಿಯ ಪಹಣಿ ತೆಗೆಯುವುದು ಹೇಗೆ?

ಯಾದಗಿರಿಯಲ್ಲಿ ಭೀಮಾ ನದಿ ದಂಡೆಗೆ ಬಲೆ ಬಿಡಿಸುತ್ತ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ: ‘ಕಾಕಾ, ನೀರನಾಯಿ ಯಾವ ಕುಲಕ್ಕ ಸೇರ್ತದ್ರೀ?’ ‘ಹೆಸರಾಗೇ ನಾಯಿ ಅದ ಅಲ್ರೀ, ಮತ್ತೇನು ಕೇಳ್ತೀರಿ’ ಅಂದರು.

ಶಾಲೆಯ ಮಕ್ಕಳೂ ಎಡವುವುದು ಇಲ್ಲೇ. ಪಹಣಿಯಲ್ಲಿ ತಾಲ್ಲೂಕು, ಹೋಬಳಿ, ಊರು ದಾಟಿ ಸರ್ವೆ ನಂಬರಿಗೆ ಬರುತ್ತೇವಲ್ಲ, ವರ್ಗೀಕರಣವನ್ನೂ ಹಾಗೇ ಮೇಲಿನಿಂದ ಇಳಿಸಿ.

ಮೊದಲ ಮೂರು ಸಾಲು ಸಲೀಸು: ಪ್ರಾಣಿ ಸಾಮ್ರಾಜ್ಯ, ಬೆನ್ನೆಲುಬಿನ ಪ್ರಾಣಿಗಳೂ ಸೇರುವ ಕಾರ್ಡೇಟಾ ವಂಶ, ಸಸ್ತನಿ ವರ್ಗ. ನೀರಲ್ಲಿ ಮೀನು ಹಿಡಿದರೂ ಮರಿಗೆ ಹಾಲೂಡುತ್ತದೆ.

ನಾಲ್ಕನೆಯದು ಗಣ: ಕಾರ್ನಿವೋರಾ, ಅಂದರೆ ಮಾಂಸಾಹಾರಿಗಳ ಗಣ. ಇದಕ್ಕೆ ಎರಡು ಕವಲು, ಬೆಕ್ಕಿನದೊಂದು, ನಾಯಿಯದೊಂದು. ನೀರುನಾಯಿ ನಾಯಿಯ ಕವಲಿನಲ್ಲಿದೆ, ಆದರೆ ನಾಯಿಯ ಕುಟುಂಬದಲ್ಲಿಲ್ಲ. ತೊಗರಿ ಹೊಲದ ಬದುವಿನಲ್ಲಿ ಓಡುವ ಮುಂಗುಸಿ ನೋಡಲು ಇದರ ತಮ್ಮನಂತಿದ್ದರೂ ಬೆಕ್ಕಿನ ಕಡೆಯದು! ಮೈಕಟ್ಟು ನೋಡಿ ನೆಂಟಸ್ತಿಕೆ ಬೆಳೆಸಬೇಡಿ.

ಐದನೆಯದು ಕುಟುಂಬ: ಮಸ್ಟೆಲಿಡೇ. ತರಕರಡಿಯೂ ಇದೇ ಮನೆಯದು. ಅದರೊಳಗೆ ಲೂಟ್ರಿನೇ ಎಂಬ ಉಪಕುಟುಂಬ ನೀರುನಾಯಿಗಳಿಗೇ ಮೀಸಲು.

ಕೊನೆಗೆ ಜಾತಿ, ಪ್ರಭೇದ. ಇವೆರಡು ಸೇರಿದರೆ ವೈಜ್ಞಾನಿಕ ಹೆಸರು; ಕೈಬರಹದಲ್ಲಿ ಅದರ ಎರಡೂ ಪದಕ್ಕೆ ಬೇರೆ ಬೇರೆ ಅಡಿಗೆರೆ ಎಳೆಯಬೇಕು. ಭಾರತದಲ್ಲಿ ಮೂರು ಪ್ರಭೇದಗಳಿವೆ. ನುಣುಪು ತುಪ್ಪಳದ್ದು ಲೂಟ್ರೊಗೇಲ್ ಪರ್ಸ್ಪಿಸಿಲೇಟಾ, ಬಾಲ ಚಪ್ಪಟೆ. ಯುರೇಷ್ಯಾದ್ದು ಲೂಟ್ರಾ ಲೂಟ್ರಾ. ಬೆರಳ ತುದಿ ದಾಟದ ಪುಟ್ಟ ಉಗುರಿನ, ಏಡಿ ಮೆಚ್ಚುವ ಪ್ರಾಣಿ ಏಯಾನಿಕ್ಸ್ ಸಿನೆರಿಯಸ್; ನಮ್ಮ ರಾಜ್ಯದಲ್ಲಿ ಅದು ಘಟ್ಟದ ತೊರೆಗಳದ್ದು.

ಹೊಲದಂತೆ ಇಲ್ಲೂ ಖಾತೆ ಬದಲಾಗುತ್ತದೆ. ಈ ಹೆಸರಿಡುವ ಪದ್ಧತಿಗೆ ತಳಪಾಯ ಹಾಕಿದ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಯುರೇಷ್ಯಾದ ನೀರುನಾಯಿಯನ್ನು ಮಸ್ಟೆಲಾ ಜಾತಿಗೆ ಸೇರಿಸಿದ್ದ. ನುಣುಪು ತುಪ್ಪಳದ್ದು 1826ರಲ್ಲಿ ಲೂಟ್ರಾ ಎಂದೇ ದಾಖಲಾಗಿತ್ತು. 1865ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಗ್ರೇ ಅದಕ್ಕೆ ಲೂಟ್ರೊಗೇಲ್ ಎಂಬ ಬೇರೆ ಖಾತೆ ತೆರೆದ. ಈಗ ಡಿಎನ್‌ಎ ನೋಡಿದವರು ಅದು ಪುಟ್ಟ ಉಗುರಿನದಕ್ಕೇ ಹತ್ತಿರದ ನಂಟು ಎನ್ನುತ್ತಾರೆ. ಸಿಂಗಪುರದಲ್ಲಿ ಇವೆರಡರ ಮಿಶ್ರ ಸಂತತಿಯೂ ಸಿಕ್ಕಿದೆ.

ಕಣ್ಣಾರೆ ನೋಡಿ ಗುರುತು ಹಿಡಿಯಬೇಕೇ? ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿರುವುದು ನುಣುಪು ತುಪ್ಪಳದ್ದು. ನಸುಕಿನಲ್ಲಿ ಹೋಗಿ, ದೂರ ಕುಳಿತು, ಅದು ಬಂಡೆ ಏರಿದಾಗ ಮೊದಲು ಬಾಲ ನೋಡಿ.